ಹನ್ನೆರಡು ಹೆಜ್ಜೆ ಅಗಲದ ಭೂಹೋರಾಟ

ನೆದರ್ಲೆಂಡ್ಸ್‌ನ ಬೆಸ್ಟ್ ಎಂಬ ಊರಿನಾಚೆ ಒಂದು ತೋಟದ ಸಂಘವಿದೆ. ದೊಡ್ಡ ಹೊಲವನ್ನು ತುಂಡು ತುಂಡು ಮಾಡಿ, ತರಕಾರಿ ಬೆಳೆಯುವ ಆಸೆಯಿರುವವರಿಗೆ ಬಾಡಿಗೆಗೆ ಕೊಡುತ್ತದೆ. ನನ್ನದೂ ಅಲ್ಲೊಂದು ತುಂಡು. ಪಕ್ಕದ್ದು ಸ್ಕಾಟ್ಲೆಂಡಿನ ಹಿರಿಯರೊಬ್ಬರದು. ಹತ್ತಿರದ ಐಂಡ್‌ಹೋವನ್ ನಗರದಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿದು ನಿವೃತ್ತರಾದವರು. ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದ ನಮ್ಮಮ್ಮ ಅವರನ್ನು ‘ಯಜಮಾನರು’ ಎಂದೇ ಕರೆಯುತ್ತಿದ್ದಳು.

ಯಜಮಾನರ ಮುತ್ತಜ್ಜ ಗೇಣಿದಾರ. ಜಮೀನುದಾರ ಕುರಿ ಮೇಯಿಸಲೆಂದು ಹಳ್ಳಿಯನ್ನೇ ಒಕ್ಕಲೆಬ್ಬಿಸಲು ಹೊರಟಾಗ, ನೋಟೀಸು ತಂದ ಅಮೀನನ ಕೈಯಿಂದಲೇ ಜನ ಅದನ್ನು ಸುಡಿಸಿದರಂತೆ. ಹೆಂಗಸರು ಮುಂದೆ ನಿಂತು ಹಸಿ ಮಣ್ಣಿನ ಹೆಂಟೆ ಎಸೆದರಂತೆ. ಮುಂದೆ ಇವರ ಅಜ್ಜ ಮೊದಲ ಮಹಾಯುದ್ಧ ಮುಗಿಸಿ ಬಂದಾಗ, ಸೈನಿಕರಿಗೆ ಕೊಡುತ್ತೇವೆಂದು ಸರ್ಕಾರ ಹೇಳಿದ್ದ ಭೂಮಿಯನ್ನು ಯಾರೂ ಕೊಡಲಿಲ್ಲ. ಅಜ್ಜ ಗೆಳೆಯರ ಜತೆ ಧಣಿಯ ಹೊಲಕ್ಕೆ ನುಗ್ಗಿ ಆಲೂಗಡ್ಡೆ ನೆಟ್ಟು ಜೈಲಿಗೆ ಹೋದರು. ಈ ಕತೆಯನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದಾಗ ಅವಳು, “ಮಣ್ಣು ಎಸೆದ್ರಾ? ಸರಿಯಾಗೇ ಮಾಡಿದಾರೆ ಬಿಡು” ಎಂದಳು.

ಏಪ್ರಿಲ್‌ನ ಒಂದು ಶನಿವಾರ ಯಜಮಾನರು ಕೆಂಪೇರಿದ ಮುಖ ಹೊತ್ತು ಬಂದರು. ನಮ್ಮಿಬ್ಬರ ತುಂಡುಗಳ ಹಿಂದೆ ಹನ್ನೆರಡು ಹೆಜ್ಜೆ ಅಗಲದ ಹುಲ್ಲಿನ ಪಟ್ಟಿಯೊಂದಿತ್ತು. ನಾವು ಸೈಕಲ್ ನಿಲ್ಲಿಸುತ್ತಿದ್ದುದು ಅಲ್ಲೇ. ಅಮ್ಮ ಕುರ್ಚಿ ಹಾಕಿ ಬಿಸಿಲು ಕಾಯುತ್ತಿದ್ದುದೂ ಅಲ್ಲೇ. ಮುಂದಿನ ತಿಂಗಳಿಂದ ಅದನ್ನು ಈಗಿನಂತೆ ಬಳಸುವಂತಿಲ್ಲ ಎಂದು ಸಂಘದವರು ಗೇಟಿಗೆ ನೋಟೀಸು ಅಂಟಿಸಿದ್ದರಂತೆ.

“ಎಲ್ಲಿ ಆ ನೋಟೀಸು?” ಎಂದೆ.

“ಸುಟ್ಟೆ. ನಮ್ಮ ಮನೆತನದಲ್ಲಿ ನೋಟೀಸನ್ನು ಪೂರ್ತಿ ಓದುವ ಪದ್ಧತಿ ಇಲ್ಲ.”

ವಿಷಯ ತಿಳಿದ ಅಮ್ಮ ಯಜಮಾನರಿಗಿಂತ ಕೆರಳಿದಳು. “ವಾರಕ್ಕೊಂದಿನ ಬರೋ ಬಿಸಿಲಿಗೂ ಕಲ್ಲು ಹಾಕ್ತಾರಾ?”

ಮರುದಿನ ಬೆಳಿಗ್ಗೆ ಪಟ್ಟಿಯನ್ನು ವಶಪಡಿಸಿಕೊಳ್ಳುವುದೆಂದು ಇಬ್ಬರೂ ಕೈಸನ್ನೆಯಲ್ಲೇ ತೀರ್ಮಾನಿಸಿದರು. ನನ್ನನ್ನು ಯಾರೂ ಕೇಳಲಿಲ್ಲ.

“ಅಮ್ಮ, ನಾನು ಈ ದೇಶದಲ್ಲಿ ಪರ್ಮಿಟ್ ಮೇಲಿದೀನಿ, ನೆನಪಿದ್ಯಾ?”

“ಆಲೂಗಡ್ಡೆ ನೆಟ್ರೆ ಪರ್ಮಿಟ್ ಕ್ಯಾನ್ಸಲ್ ಮಾಡ್ತಾರೇನೆ? ಗುದ್ದಲಿ ತಗೋ.”

ಭಾನುವಾರ ಹತ್ತು ಗಂಟೆಯೊಳಗೆ ಮೂರು ಸಾಲು ನೆಟ್ಟಾಗಿತ್ತು. ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಸೈಕಲ್‌ನಲ್ಲಿ ಬಂದರು. ಎತ್ತರದ, ಸೌಮ್ಯ ಮುಖದ ಹೆಂಗಸು. ಅಮ್ಮ ಒಂದು ಹೆಂಟೆ ಎತ್ತಿಕೊಂಡು, “ಈಗ ಎಸೀಲಾ?” ಎಂದಳು.

“ಅಯ್ಯೋ, ಕೆಳಗಿಡಮ್ಮ!”

ನನ್ನ ಕೂಗಿಗೆ ಬೆಚ್ಚಿ ಅವಳು ಎಸೆದೇಬಿಟ್ಟಳು. ಹೆಂಟೆ ಯಜಮಾನರ ಟೋಪಿಗೆ ಬಡಿದು ಪುಡಿಯಾಯಿತು. ಅವರು ಹೆಮ್ಮೆಯಿಂದ ಅಲ್ಲಾಡದೆ ನಿಂತರು.

ಕಾರ್ಯದರ್ಶಿ ಮಾತ್ರ ಸಾಲುಗಳನ್ನು ನೋಡಿ ಚಪ್ಪಾಳೆ ತಟ್ಟಿದರು. “ಆಗಲೇ ಶುರು ಮಾಡಿಬಿಟ್ಟಿರಾ? ಎಷ್ಟು ಒಳ್ಳೆಯದಾಯಿತು!”

ಆ ಹುಲ್ಲು ಕತ್ತರಿಸಲು ಯಾರೂ ಮುಂದೆ ಬರುತ್ತಿರಲಿಲ್ಲವಂತೆ. ಅದಕ್ಕೇ ಪಕ್ಕದ ತುಂಡಿನವರು ಬಿಟ್ಟಿಯಾಗಿ ತೆಗೆದುಕೊಂಡು ತರಕಾರಿ ಬೆಳೆಯಬಹುದು ಎಂದು ನೋಟೀಸಿನ ಕೆಳಭಾಗದಲ್ಲಿ ಬರೆದಿದ್ದರಂತೆ.

ಯಜಮಾನರ ಮುಖ ಸಪ್ಪಗಾಯಿತು. “ಬೇಡ. ಹೋರಾಡದೆ ಸಿಗುವ ಭೂಮಿ ನನಗೆ ಬೇಡ” ಎಂದು ಗುದ್ದಲಿಯನ್ನು ನೆಲಕ್ಕೆ ಹಾಕಿದರು.

ಕಾರ್ಯದರ್ಶಿಗೆ ಏನೂ ಅರ್ಥವಾಗಲಿಲ್ಲ. ಅವರನ್ನು ಪಕ್ಕಕ್ಕೆ ಕರೆದು, ಮುತ್ತಜ್ಜನಿಂದ ಹಿಡಿದು ಟೋಪಿಯವರೆಗೆ ಎಲ್ಲ ಹೇಳಿ, “ದಯವಿಟ್ಟು ಒಂದು ಸಲ ಇಲ್ಲ ಅಂದುಬಿಡಿ” ಎಂದು ಬೇಡಿಕೊಂಡೆ. ಅವರು ಸ್ವಲ್ಪ ಯೋಚಿಸಿ, ಗಂಟಲು ಸರಿಮಾಡಿಕೊಂಡು, ಯಜಮಾನರ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಸಾಧ್ಯವಿಲ್ಲ! ಒಂದಂಗುಲವನ್ನೂ ಕೊಡುವುದಿಲ್ಲ!”

“ನಾವು ಕದಲುವುದಿಲ್ಲ!” ಎಂದು ಯಜಮಾನರು ಗುಡುಗಿದರು. ಅಮ್ಮ ಹೊಸ ಹೆಂಟೆ ಎತ್ತಿಕೊಂಡಳು. ಕಾರ್ಯದರ್ಶಿ ಗಡಿಯಾರ ನೋಡಿಕೊಂಡು ನಿಯತ್ತಾಗಿ ಒಂದು ನಿಮಿಷ ಕಾದು, “ಸರಿ, ಸೋತೆ” ಎಂದರು.

ಯಜಮಾನರು ಟೋಪಿ ತೆಗೆದು ಕಣ್ಣೊರೆಸಿಕೊಂಡರು. ಅಜ್ಜ ಜೈಲಿನಿಂದ ಬರುವಷ್ಟರಲ್ಲಿ ಆ ಆಲೂಗಡ್ಡೆಯನ್ನು ಬೇರೆ ಯಾರೋ ಕಿತ್ತು ತಿಂದಿದ್ದರು ಎಂದು ಆಗ ಮೊದಲ ಸಲ ಹೇಳಿದರು. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ತಿಳಿಯದು. ಆದರೂ ಅವರ ಬೆನ್ನು ತಟ್ಟಿ, “ಅಳಬೇಡಿ ಯಜಮಾನ್ರೇ, ಈ ಸಲ ನಾವೇ ತಿನ್ನೋಣ” ಎಂದಳು.

ಆಗಸ್ಟ್‌ನಲ್ಲಿ ಅಗೆದಾಗ ಎರಡು ಬಕೆಟ್ ಸಿಕ್ಕಿತು. ಅಷ್ಟರಲ್ಲಿ ಮೈಸೂರಿಗೆ ಮರಳಿದ್ದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಯಜಮಾನರು ಎಲ್ಲಕ್ಕಿಂತ ದೊಡ್ಡ ಗೆಡ್ಡೆಯನ್ನು ಫೋನಿಗೆ ಹಿಡಿದರು.

“ಏನೇ ಇದು, ನೆಲ್ಲಿಕಾಯಿ ಗಾತ್ರ ಇದೆ” ಎಂದಳು ಅಮ್ಮ.

ತುಂಬಾ ಚೆನ್ನಾಗಿದೆ ಅಂತಾಳೆ ಎಂದು ನಾನು ಅನುವಾದಿಸಿದೆ.