ನೆಂಟರು ಕಣ್ ಸಾ, ರಕ್ತ ಅಲ್ಲ

ಅಕ್ಕನ ಮಗಳಿಗೆ ಕಿವಿ ಕೇಳದೆಂದು ಹಾಸನದ ಆಸ್ಪತ್ರೆಯಲ್ಲಿ ಖಚಿತವಾದಾಗ ಕೂಸಿಗೆ ಹತ್ತು ತಿಂಗಳು. ಬಾಗೂರಿನ ಅವಳ ಮನೆಯಲ್ಲಿ ತೀರ್ಪು ಅದಕ್ಕೂ ಮೊದಲೇ ಆಗಿತ್ತು: ಬಸುರಿಯಾಗಿದ್ದಾಗ ಅಕ್ಕ ಗ್ರಹಣದ ಹೊತ್ತಿನಲ್ಲಿ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಿದ್ದಳಂತೆ. ತೀರ್ಪು ಕೊಟ್ಟವರು ಅತ್ತೆ. ಅಕ್ಕನ ಗಂಡನ ತಾಯಿ. ನಮ್ಮ ಅಪ್ಪನ ಸ್ವಂತ ಅಕ್ಕ.

ಅಕ್ಕ ವಾದಿಸಲಿಲ್ಲ, ಒಪ್ಪಿಕೊಂಡುಬಿಟ್ಟಳು. ಹಾಲು ಕುಡಿಸುವಾಗಲೂ ಕೂಸಿನೊಡನೆ ಒಂದು ಮಾತಿಲ್ಲ. ನನಗೆ ಭಯವಾದದ್ದು ಅದಕ್ಕೆ.

ನನ್ನದೋ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ. "ಅತ್ತೆ, ಅವತ್ತು ಬೀದೀಲಿ ಇನ್ನೆಷ್ಟು ಬಸುರೀರು ಆಚೆಗೆ ಬಂದಿದ್ರು? ಅವರ ಮಕ್ಕಳಿಗೆಲ್ಲ ಕಿವಿ ಕೇಳುಸ್ತದಲ್ಲ?"

"ಬಂದ್ಲು ನೋಡು ಲಾಯರಮ್ಮ. ನಿನ್ ನಾಲ್ಗೇಲಿ ಅರ್ಧ ಮಗೀಗೆ ಕೊಡೇ, ಕಿವಿನಾದ್ರೂ ಬಂದಾತು."

ವಂಶವಾಹಿ ಪರೀಕ್ಷೆಗೆ ರಕ್ತ ಕೊಡಲು ಹೋದ ದಿನ ಅತ್ತೆಯೂ ಬಂದರು. "ರಕ್ತಸಂಬಂಧದಲ್ಲಿ ಮದುವೆಯಾ?" ಎಂದರು ಡಾಕ್ಟರು. ಅತ್ತೆ, ಭಾವ, ನಾನು ಒಟ್ಟಿಗೆ "ಇಲ್ಲ" ಎಂದೆವು. ಮನೆತನದಲ್ಲಿ ಕಿವುಡರೇ ಇಲ್ಲ, ಹಾಗಾಗಿ ಇದು ವಂಶದ್ದಲ್ಲ ಎಂದು ನಾನು ತರ್ಕವನ್ನೂ ಜೋಡಿಸಿದೆ.

ಏಳುವಾಗ ಅತ್ತೆ ಕೂಸನ್ನು ಎತ್ತಿಕೊಂಡು, "ನನ್ ತಮ್ಮನ ಮೂಗೇ ಕಣ್ ಸಾ ಇವಳ್ಗೆ" ಎಂದರು.

ಡಾಕ್ಟರ ಪೆನ್ನು ನಿಂತಿತು. "ನಿಮ್ಮ ತಮ್ಮ ಇವಳಿಗೆ ಏನಾಗಬೇಕು?"

"ತಾತ. ನನ್ ಸೊಸೆ ನನ್ ತಮ್ಮನ ಮಗಳೇಯ."

"ರಕ್ತಸಂಬಂಧ ಇಲ್ಲ ಅಂದ್ರಲ್ಲ?"

"ದಾಯಾದಿಗಳಾದ್ರೆ ರಕ್ತ. ಇವ್ರು ನೆಂಟ್ರು ಕಣ್ ಸಾ!"

ನಮ್ಮ ಕಡೆಯ ಲೆಕ್ಕದಲ್ಲಿ ಅಪ್ಪನ ಅಣ್ಣತಮ್ಮಂದಿರ ಮಕ್ಕಳು ರಕ್ತ. ಅಪ್ಪನ ಅಕ್ಕತಂಗಿಯರ ಮಕ್ಕಳು ನೆಂಟರು, ಹೆಣ್ಣು ಕೊಟ್ಟು ತರುವವರು. ಎದುರಾಳಿಯ ಪ್ರತಿ ಪದಕ್ಕೂ ಅರ್ಥ ಹೇಳು ಎಂದು ಪಟ್ಟುಹಿಡಿಯುವ ನಾನು 'ರಕ್ತಸಂಬಂಧ' ಎಂಬ ಪದದ ಅರ್ಥವನ್ನು ಯಾವತ್ತೂ ಕೇಳಿರಲಿಲ್ಲ.

ಕೆಲವು ವಾರಗಳ ಮೇಲೆ ವರದಿ ಬಂತು. ಅಕ್ಕನಲ್ಲೂ ಭಾವನಲ್ಲೂ ಒಂದೇ ವಂಶವಾಹಿಯಲ್ಲಿ ಒಂದೇ ದೋಷ. ಒಬ್ಬರಿಂದ ಮಾತ್ರ ಬಂದರೆ ಕಿವಿಗೆ ಏನೂ ಆಗದು, ಯಾರಿಗೂ ತಿಳಿಯದು. ತಾಯಿತಂದೆ ಇಬ್ಬರಿಂದಲೂ ಬಂದರೆ ಹೀಗಾಗುತ್ತದೆ. ಬಹುಶಃ ಅಪ್ಪನ ಮೂಲಕ ಅಕ್ಕನಿಗೆ, ಅತ್ತೆಯ ಮೂಲಕ ಭಾವನಿಗೆ ಬಂದಿರಬೇಕು ಎಂದರು ಡಾಕ್ಟರು. ಕೂಸಿನ ಕಿವಿಯ ನರ ಚೆನ್ನಾಗಿದೆ, ಆಪರೇಷನ್ ಮಾಡಿ ಸಾಧನ ಕೂರಿಸಿದರೆ ಕೇಳಲು ಕಲಿಯುತ್ತಾಳೆ. "ಅಲ್ಲೀವರೆಗೂ ಕಿವಿಗೆ ಮೆಷಿನ್ ಹಾಕಿ. ಮಾತಾಡಿಸೋದು ಮಾತ್ರ ನಿಲ್ಲಿಸಬೇಡಿ."

ಅತ್ತೆ ಕೂಸಿನ ಕಿವಿ ಸವರಿದರು. "ಅಂಗಾರೆ ನನ್ ಮಗನ್ ಪಾಲು ನಾನ್ ಕೊಟ್ಟಿದ್ದು ಅನ್ನಿ."

"ತಪ್ಪು ಯಾರದ್ದೂ ಅಲ್ಲಮ್ಮ."

"ತಪ್ಪು ಅಂದ್ನಾ ನಾನು? ಗ್ರಹ್ಣದ್ದಲ್ಲ ಅಂದೆ."

ಆಪರೇಷನ್ನಿಗೆ ಹೆಸರು ಬರೆಸಿ ಚನ್ನರಾಯಪಟ್ಟಣದ ಬಸ್ಸು ಹತ್ತಿದೆವು. ಅತ್ತೆ ಕೂಸನ್ನು ಅಕ್ಕನ ಮಡಿಲಿಗೆ ಹಾಕಿದರು. "ಮಾತಾಡ್ಸೇ. ನಿನ್ ತಂಗಿ ಬಾಯ್ ಮುಚ್ಚಿರೋ ವತ್ನಲ್ಲೇ ಮಾತಾಡ್ಸು."

ಅಕ್ಕ ಕಿಟಕಿಯಾಚೆ ಕೈ ತೋರಿಸಿದಳು. "ಎಮ್ಮೆ." ಕೂಸು ಎಮ್ಮೆಯನ್ನು ನೋಡಲಿಲ್ಲ, ಅವಳ ತುಟಿಯನ್ನೇ ನೋಡಿತು. "ಎಮ್ಮೆ ಕಣವ್ವ, ಎಮ್ಮೆ."

ಅದು ಕೋಣವಾಗಿತ್ತು. ನಾನು ತಿದ್ದಲಿಲ್ಲ.