ಬೋರಲಿಂಗಯ್ಯನವರ ಎಡಗಾಲು

ರಾಮನಗರದಲ್ಲಿ ನಮ್ಮ ಬೀದಿಯ ಕೊನೆಯ ಮನೆ ಮಂಗಳಗೌರಮ್ಮನವರದು. ಆ ಮನೆಯ ಕಾರಿನ ಷೆಡ್ಡಿನ ಬಾಗಿಲಲ್ಲಿ ಒಂದು ಜೊತೆ ತೊಗಲಿನ ಚಪ್ಪಲಿ, ಹಿಮ್ಮಡಿಗೆ ಪಟ್ಟಿಯಿರುವಂಥದು, ಅಕ್ಕಪಕ್ಕ ಕೂತಿದ್ದರೆ ಕಾರು ಹೊರಗೆ ಹೋಗಿದೆ ಎಂದು ತಿಳಿಯಬೇಕು. ಇಪ್ಪತ್ತಾರು ವರ್ಷಗಳಿಂದ ಹೀಗೆಯೇ. ಚಪ್ಪಲಿ ಆ ಮನೆಯ ಡ್ರೈವರ್ ಬೋರಲಿಂಗಯ್ಯನವರದು. ಗಾಡಿ ಹತ್ತುವ ಜಾಗದಲ್ಲಿ ಚಪ್ಪಲಿ ಬಿಡುವುದು, ತಿರುಗಿ ಬಂದು ಅಲ್ಲಿಯೇ ಮೆಟ್ಟುವುದು ಅವರ ಪದ್ಧತಿ. ನಡುವೆ ಮೈಸೂರಿನಲ್ಲಿ ಇಳಿಯಲಿ, ತಿರುಪತಿಯಲ್ಲಿ ಇಳಿಯಲಿ, ಬರಿಗಾಲು.

ಅವರು ಮಾಗಡಿ ತಾಲ್ಲೂಕಿನ ಕಲ್ಯದವರು. ಮನೆಯಲ್ಲಿ ರಾಗಿ, ಅವರೆ ಬೆಳೆಯುವಷ್ಟು ಹೊಲವಿತ್ತು. ಅಣ್ಣಂದಿರು ಅದನ್ನು ನೋಡಿಕೊಂಡರು. ಇವರಿಗೆ ಮಾತ್ರ ಎತ್ತಿನ ಗಾಡಿಯ ಕಾಲದಿಂದಲೂ ಚಕ್ರವಿರುವುದರ ಮೇಲೆಯೇ ಕಣ್ಣು. ಹದಿನೇಳನೆಯ ವಯಸ್ಸಿಗೆ ಲಾರಿ ಕ್ಲೀನರ್ ಆದರು. ಚಾಲನೆ ಕಲಿಸಿದವರು ಚನ್ನಪಟ್ಟಣದ ಕರೀಂ ಸಾಹೇಬರು. ಮೊದಲ ದಿನವೇ ಅವರು ಹೇಳಿದರಂತೆ: "ಪೆಡಲ್ಲು ಕಾಲಿನ ಜೊತೆ ಮಾತಾಡ್ತದೆ ಕಣ್ಲಾ. ಮಧ್ಯೆ ಚಪ್ಪಲಿ ಇಟ್ಟು ಅದರ ಬಾಯಿ ಮುಚ್ಬ್ಯಾಡ." ಅಂದಿನಿಂದ ಇಂದಿನವರೆಗೆ ನಲವತ್ತನಾಲ್ಕು ವರ್ಷ, ಬೋರಲಿಂಗಯ್ಯನವರು ಚಪ್ಪಲಿ ಮೆಟ್ಟಿ ಒಂದು ಅಡಿಯೂ ಗಾಡಿ ಓಡಿಸಿದವರಲ್ಲ.

ಮಂಗಳಗೌರಮ್ಮನವರು ಊರಿನಲ್ಲಿ ಒಂದು ರೇಷ್ಮೆ ಫಿಲೇಚರ್ ನಡೆಸುತ್ತಾರೆ. ಗೂಡಿನಿಂದ ನೂಲು ತೆಗೆಸುವ ಕೆಲಸ. ದಿನವೂ ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ತಾವೇ ಹೋಗುತ್ತಾರೆ. ದಾರಿಯಲ್ಲಿ, ಓಡುವ ಕಾರಿನಲ್ಲಿಯೇ, ಫ್ಲಾಸ್ಕಿನಿಂದ ಸ್ಟೀಲಿನ ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಕುಡಿಯುವುದು ಅವರ ಅಭ್ಯಾಸ. ಇಷ್ಟು ವರ್ಷಗಳಲ್ಲಿ ಸೀರೆಯ ಮೇಲೆ ಒಂದು ತೊಟ್ಟು ಬಿದ್ದುದಿಲ್ಲ ಎಂಬುದು ಅವರ ಹೆಮ್ಮೆ. ಆ ಹೆಮ್ಮೆಯಲ್ಲಿ ಅರ್ಧ ಬೋರಲಿಂಗಯ್ಯನವರಿಗೆ ಸೇರಬೇಕು.

ಮನೆಯ ಬಿಳಿಯ ಕಾರಿಗೆ ಹದಿಮೂರು ವರ್ಷವಾಯಿತು. ಈ ವರ್ಷ ಅದೇ ಕಂಪನಿಯವರು ಅದೇ ಹೆಸರಿನಲ್ಲಿ ಹೊಸ ಕಾರನ್ನು ತಂದರು. ಹೆಸರೊಂದೇ ಹಳೆಯದು, ಉಳಿದುದೆಲ್ಲ ಹೊಸದು. ನೆಲಕ್ಕೆ ತಗ್ಗಾಗಿ, ಹಿಂದಕ್ಕೆ ಇಳಿಜಾರಾದ ಮೈ. ಚಿಕ್ಕದಾದರೂ ಗಟ್ಟಿಗ ಎಂಜಿನ್. ಗೇರನ್ನು ತಾನೇ ಬದಲಾಯಿಸಿಕೊಳ್ಳುವ ಜಾಣತನ. ಮಗ ಶಿವಕಿರಣ್ ಅದಕ್ಕೆ ಮನಸೋತ. ಅವನು ನನ್ನ ಹಳೆಯ ವಿದ್ಯಾರ್ಥಿ. ಶಾಲೆಗೆ ಅವನನ್ನು ಬಿಟ್ಟು ಕರೆದೊಯ್ಯುತ್ತಿದ್ದವರು ಬೋರಲಿಂಗಯ್ಯನವರೇ.

"ಬೋರಣ್ಣ, ಇದು ಆಟೋಮ್ಯಾಟಿಕ್ಕು. ಕ್ಲಚ್ಚೇ ಇಲ್ಲ. ಈ ವಯಸ್ಸಲ್ಲಿ ನಿಮಗ್ಯಾಕೆ ಹೊಸದಾಗಿ ಕಲಿಯೋ ತೊಂದ್ರೆ? ಫಿಲೇಚರ್ ಗೇಟು ನೋಡ್ಕೊಂಡು ಆರಾಮಾಗಿರಿ. ಬೇರೆ ಡ್ರೈವರ್ ನೋಡ್ತೀನಿ" ಎಂದನಂತೆ. ಪ್ರೀತಿಯಿಂದಲೇ ಹೇಳಿದ್ದು. ಬೋರಲಿಂಗಯ್ಯನವರು "ಆಗ್ಲಿ ಕಿರಣಪ್ಪಾ" ಎಂದು ಸೀದಾ ನಮ್ಮ ಜಗುಲಿಗೆ ಬಂದು ಕೂತರು.

"ಮೇಷ್ಟ್ರೇ, ಗೇಟಿನಾಗೆ ಕೂತ್ಕೊಂಡು ಏನ್ ಮಾಡ್ಲಿ? ಹೋಗೋರ್ಗೆ ಬರೋರ್ಗೆ ಸಲಾಂ ಹೊಡೀಲಾ? ಕೂತ್ಕಳಾದೇ ಆದ್ರೆ ಗಾಡಿ ಒಳಗೇ ಕೂತ್ಕತೀನಿ."

ಆ ಮಾತು ಮಂಗಳಗೌರಮ್ಮನವರ ಕಿವಿಗೂ ಬಿತ್ತು. ಬೀಳಿಸಿದವನು ನಾನೇ. ಅವರು ಮಗನನ್ನು ಕರೆದು ತೀರ್ಮಾನ ಹೇಳಿಬಿಟ್ಟರು: "ಷೋರೂಮಿನೋರು ಓಡಿಸಿ ನೋಡೋಕೆ ಕೊಡ್ತಾರಲ್ಲ, ಅದನ್ನ ಬೋರಲಿಂಗನೇ ಓಡಿಸ್ಲಿ. ನನ್ನ ಕಾಫಿ ಚೆಲ್ಲದೇ ಇದ್ರೆ ಹೊಸ ಕಾರಿಗೂ ಅವನೇ. ಚೆಲ್ಲಿದ್ರೆ ನಿನ್ನಿಷ್ಟ ಕಣಪ್ಪ."

ಮರುದಿನ ಬೆಳಿಗ್ಗೆ ಹಳೆಯ ಮೈಸೂರು ರಸ್ತೆಯಲ್ಲಿರುವ ಷೋರೂಮಿಗೆ ಹೋದೆವು. ಸಾಕ್ಷಿಗೆಂದು ನನ್ನನ್ನೂ ಕರೆದಿದ್ದರು. ಅಲ್ಲಿ ಕಾರು ತೋರಿಸುವ ಹುಡುಗಿ ಹೇಮಶ್ರೀ, ಚನ್ನಪಟ್ಟಣದವಳು, ಚುರುಕಿನ ಮಾತಿನವಳು. ಲೈಸೆನ್ಸ್ ಕೇಳಿದಳು. ಬೋರಲಿಂಗಯ್ಯನವರು ಜೇಬಿನಿಂದ ಪ್ಲಾಸ್ಟಿಕ್ ಹೊದಿಕೆಯ ಲೈಸೆನ್ಸನ್ನು ತೆಗೆದುಕೊಟ್ಟು, ಕಾರಿನ ಬಾಗಿಲ ಬಳಿ ಚಪ್ಪಲಿ ಬಿಟ್ಟು, ಸ್ಟೀರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಅಂಕಲ್, ಚಪ್ಪಲಿ ಹಾಕ್ಕೊಂಡೇ ಬನ್ನಿ, ಮ್ಯಾಟ್ ಇದೆ" ಎಂದಳು ಹೇಮಶ್ರೀ.

"ಗಲೀಜಾಯ್ತದೆ ಅಂತಲ್ಲ ಕಣವ್ವಾ. ನಮ್ ಕಾಲಿಗೆ ಹಿಂಗೇ ಅಭ್ಯಾಸ."

ಆ ಅಭ್ಯಾಸವೇ ಐದು ನಿಮಿಷದಲ್ಲಿ ಕೈಕೊಟ್ಟಿತು. ಹೊರಟಿದ್ದು ಚೆನ್ನಾಗಿಯೇ ಇತ್ತು. ಹೇಮಶ್ರೀ ಪಕ್ಕದಲ್ಲಿ ಕೂತು ಇದು ಬ್ರೇಕ್, ಇದು ಆಕ್ಸಿಲರೇಟರ್, ಎರಡಕ್ಕೂ ಬಲಗಾಲೇ, ಎಡಗಾಲಿಗೆ ಕೆಲಸವಿಲ್ಲ ಎಂದು ಎರಡು ಸಲ ಹೇಳಿದ್ದಳು. ಮಂಗಳಗೌರಮ್ಮನವರು ಲೋಟಕ್ಕೆ ಕಾಫಿ ಬಗ್ಗಿಸಿಕೊಂಡರು. ಎದುರಿಗೆ ಮೊದಲ ರಸ್ತೆ ಉಬ್ಬು ಬಂತು. ಉಬ್ಬು ಕಂಡೊಡನೆ ನಲವತ್ತನಾಲ್ಕು ವರ್ಷ ಕ್ಲಚ್ ತುಳಿದ ಎಡಗಾಲು ಯಾರ ಅಪ್ಪಣೆಗೂ ಕಾಯದೆ ಮುಂದೆ ಚಾಚಿತು. ಅಲ್ಲಿ ಕ್ಲಚ್ ಇರಲಿಲ್ಲ. ಅಗಲವಾದ ಬ್ರೇಕಿನ ಪೆಡಲ್ ಇತ್ತು. ಕ್ಲಚ್ಚನ್ನು ಒತ್ತುವಂತೆ ಅದನ್ನು ಪೂರಾ ಒತ್ತಿಬಿಟ್ಟರು. ಕಾರು ಗೂಟಕ್ಕೆ ಕಟ್ಟಿದಂತೆ ನಿಂತಿತು. ನನ್ನ ಕನ್ನಡಕ ಮಡಿಲಿಗೆ ಬಿತ್ತು. ಕಾಫಿಯೆಲ್ಲ ಶಿವಕಿರಣನ ಬಿಳಿಯ ಅಂಗಿಯ ಮೇಲೆ.

"ಅಯ್ಯೋ ಶಿವನೇ!" ಎಂದರು ಮಂಗಳಗೌರಮ್ಮನವರು.

"ನನ್ ಕಾಲಿಗ್ ಬೆಂಕಿ ಬೀಳ! ಕಿರಣಪ್ಪಾ, ಸುಟ್ಟೋಯ್ತಾ?"

"ಏನಾಗಿಲ್ಲ ಬೋರಣ್ಣ, ಅಂಗಿ ಕುಡೀತು ಅಷ್ಟೆ" ಎಂದ ಶಿವಕಿರಣ್. ನಗಲು ನೋಡಿದ, ಆಗಲಿಲ್ಲ. ಮುಂದಿನ ಉಬ್ಬಿನಲ್ಲಿ ಮತ್ತೊಮ್ಮೆ ಅದೇ ಆಯಿತು. ಈ ಸಲ ಲೋಟ ಖಾಲಿಯಿತ್ತು. ಹಿಂದಿನಿಂದ ಬಂದ ಬೈಕಿನವನು ಮುಂದಕ್ಕೆ ಬಂದು ಕಿಟಕಿಯೊಳಗೆ ಇಣುಕಿ, "ಯಾಕ್ ಯಜಮಾನ್ರೇ, ಗಾಡಿ ಓಡಿಸ್ತಿದ್ದೀರೋ ಎತ್ತು ಪಳಗಿಸ್ತಿದ್ದೀರೋ?" ಎಂದು ಹೋದ.

ಬೋರಲಿಂಗಯ್ಯನವರು ಕಾರನ್ನು ಬದಿಗೆ ನಿಲ್ಲಿಸಿ ಇಳಿದರು. ಹೇಮಶ್ರೀಯೇ ಷೋರೂಮಿಗೆ ಹಿಂದಕ್ಕೆ ಓಡಿಸಿದಳು. ಬೋರಲಿಂಗಯ್ಯನವರು ದಾರಿಯುದ್ದಕ್ಕೂ ಪಕ್ಕದ ಸೀಟಿನಲ್ಲಿ ತಮ್ಮ ಎಡಗಾಲನ್ನು, ಕೆಟ್ಟ ಹೆಸರು ತಂದ ಮಗನನ್ನು ನೋಡುವ ಹಾಗೆ, ನೋಡುತ್ತ ಕೂತಿದ್ದರು.

ಷೋರೂಮಿನಲ್ಲಿ ಇಳಿದು ಚಪ್ಪಲಿ ಮೆಟ್ಟಲು ಹೋದರು. ಮೊದಲು ಎಡಗಾಲಿಗೆ ಮೆಟ್ಟಿ ಹಿಮ್ಮಡಿಯ ಪಟ್ಟಿಯನ್ನು ಎಳೆದರು. ಬಲಗಾಲನ್ನು ಎತ್ತಿದವರು ಹಾಗೆಯೇ ನಿಂತರು. ಒಂಟಿಕಾಲಿನಲ್ಲಿ ನಿಂತ ಕೊಕ್ಕರೆಯಂತೆ ಬಹಳ ಹೊತ್ತು ನಿಂತಿದ್ದರು. ಶಿವಕಿರಣ್ "ಬೋರಣ್ಣ, ತಲೆ ಸುತ್ತುತ್ತಾ?" ಎಂದು ಓಡಿಬಂದ.

"ತಲೆ ಸುತ್ತಿಲ್ಲ ಕಿರಣಪ್ಪಾ, ತಲೆ ಓಡ್ತಾ ಐತೆ." ಬಲಗಾಲನ್ನು ನೆಲಕ್ಕಿಟ್ಟರು, ಬರಿಗಾಲನ್ನೇ. "ನೋಡಿ, ಚಪ್ಪಲಿ ಮೆಟ್ಟಿದ್ ಕಾಲು ನಂದು ಯಾವತ್ತೂ ಪೆಡಲ್ ತುಳಿದಿಲ್ಲ. ಚಪ್ಪಲಿ ಹತ್ತಿತು ಅಂದ್ರೆ ಕೆಲ್ಸ ಮುಗೀತು ಅಂತ ಅದಕ್ಕೆ ಗೊತ್ತು. ಈ ಗಾಡೀಲಿ ಎಡಗಾಲಿಗೆ ಕೆಲ್ಸ ಇಲ್ಲ ತಾನೆ? ಅದಕ್ಕೆ ಚಪ್ಪಲಿ ಹಾಕ್ಬುಟ್ಟು ರಜಾ ಕೊಡಾವ. ಬಲಗಾಲು ದುಡೀಲಿ." ಹೇಮಶ್ರೀಯ ಕಡೆ ತಿರುಗಿದರು. "ಮಗಾ, ಇನ್ನೊಂದ್ ಕಿತ ಕೊಟ್ಬುಡವ್ವಾ."

ಹೇಮಶ್ರೀ ಶಿವಕಿರಣನ ಮುಖ ನೋಡಿದಳು. ಅವನು ತಾಯಿಯ ಮುಖ ನೋಡಿದ. ಮಂಗಳಗೌರಮ್ಮನವರು ಫ್ಲಾಸ್ಕನ್ನು ಅಲ್ಲಾಡಿಸಿ ನೋಡಿದರು.

"ಇನ್ನೂ ಒಂದು ಲೋಟಕ್ಕೆ ಇದೆ. ಕೆಂಗಲ್‌ವರೆಗೆ ಹೋಗಿ ಬರೋಣ. ಕಿರಣ, ಈ ಸಲ ನೀನು ಆ ಕಿಟಕಿ ಪಕ್ಕ ಕೂತ್ಕೊ. ಮೇಷ್ಟ್ರು ಮಧ್ಯದಲ್ಲಿ ಕೂರ್ಲಿ, ಅವರ ಪಂಚೆ ಹೇಗೂ ಹಳೇದು."

ಮೊದಲು ಷೋರೂಮಿನ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿಸಬೇಕೆಂದು ಹೇಮಶ್ರೀ ಪಟ್ಟು ಹಿಡಿದಳು. ಹಾಕಿದರು. ಬೇಕೆಂದೇ ಅವಳು "ನಿಲ್ಲಿಸಿ! ನಿಲ್ಲಿಸಿ!" ಎಂದು ಕೂಗಿದಳು. ಬಲಗಾಲೇ ಬ್ರೇಕಿಗೆ ಹೋಯಿತು. ಎಡಗಾಲು ಚಪ್ಪಲಿಯೊಳಗೆ ಅಲುಗಾಡದೆ ಕೂತಿತ್ತು. ಆಮೇಲೆ ಗೇಟು ದಾಟಿದೆವು. ಬಲಗಾಲಿನ ಚಪ್ಪಲಿ ಒಂದೇ ಷೋರೂಮಿನ ಅಂಗಳದಲ್ಲಿ ಉಳಿಯಿತು.

ಮಂಗಳಗೌರಮ್ಮನವರು ಲೋಟದ ಕಂಠದವರೆಗೆ ಕಾಫಿ ಬಗ್ಗಿಸಿದರು. ನಾನು ಪಂಚೆಯನ್ನು ಸುತ್ತಿ ಮೊಣಕಾಲಿನ ಆಚೆಗೆ ಸರಿಸಿದೆ. ಮೊದಲ ಉಬ್ಬು ಬಂತು. ಕಾರು ಮೆಲ್ಲನೆ ಹತ್ತಿ ಮೆಲ್ಲನೆ ಇಳಿಯಿತು. ಎರಡನೆಯದು ದಾಟಿತು. ಬೋರಲಿಂಗಯ್ಯನವರ ಭುಜ ಸಡಿಲವಾಯಿತು, ಬಾಯಿ ಬಂತು.

"ಹಳೇ ಗಾಡಿಗೆ ಸ್ಟೀರಿಂಗು ಒಸಿ ಭಾರ. ಇದು ಬೆರಳಲ್ಲಿ ತಿರುಗ್ತದೆ. ವೇಗ ಹೋದಂಗೆಲ್ಲ ತಾನೇ ಬಿಗೀ ಆಯ್ತದೆ, ನೋಡಿದ್ರಾ? ಲಾರಿ ಹಿಂದೆ ಹಾಕ್ಬೇಕಾದ್ರೆ ಹಳೇದಕ್ಕೆ ಗೇರ್ ಇಳಿಸಿ, ದೇವ್ರ ನೆನಸ್ಕಂಡು ಹೋಗ್ತಿದ್ದೆ. ಇದು ಹೆಂಗ್ ಹೋಯ್ತದೆ ನೋಡಿ." ಮುಂದೆ ಎಳನೀರು ತುಂಬಿದ ಲಾರಿಯಿತ್ತು. ಕಾರು ಒಮ್ಮೆ ಹೂಂಕರಿಸಿ ಅದರ ಪಕ್ಕದಲ್ಲಿ ಜಾರಿ ಮುಂದಾಯಿತು. ಲೋಟದಲ್ಲಿ ಕಾಫಿ ಓರೆಯಾಯಿತೇ ಹೊರತು ತುಳುಕಲಿಲ್ಲ.

"ಇಷ್ಟ ಆಯ್ತಾ ಅಂಕಲ್?" ಎಂದಳು ಹೇಮಶ್ರೀ ಉತ್ಸಾಹದಿಂದ.

"ತಾಳವ್ವಾ, ತಪ್ಪೂ ಹೇಳ್ತೀನಿ. ಗಾಡಿ ಭಾಳ ತಗ್ಗು. ನಮ್ ಕಲ್ಯದ್ ದಾರೀಲಿ ಐದು ಜನ ಕೂತ್ರೆ ಹೊಟ್ಟೆ ತರಚ್ಕತದೆ. ಹಿಂದಿನ ಗಾಜು ಹಳೇದ್ರಲ್ಲಿ ಬಾಗ್ಲಿನಷ್ಟು ಇತ್ತು, ಇದ್ರಲ್ಲಿ ಕಿಂಡಿ. ಏಸಿ ಹಾಕಕ್ಕೆ ತಿರುಪು ಇತ್ತು, ನೋಡ್ದೇನೆ ಹಾಕ್ತಿದ್ದೆ. ಇದು ಟಿವಿ ಮುಟ್ದಂಗೆ ಮುಟ್ಬೇಕು, ರಸ್ತೆ ಬುಟ್ಟು ಅದನ್ನೇ ನೋಡ್ಲಾ? ಅಮ್ಮೋರೇ, ತಲೆ ತಗಲ್ತಾ ಹಿಂದೆ?"

"ತುರುಬು ತಗಲ್ತಿದೆ ಕಣೋ. ಹಳೇದ್ರಲ್ಲಿ ತುರುಬಿನ ಮೇಲೆ ಹೂವಿಟ್ರೂ ಜಾಗ ಇತ್ತು."

ಹೇಮಶ್ರೀ ನಗುತ್ತ, ಇಷ್ಟು ವಿವರವಾಗಿ ಇದುವರೆಗೆ ಯಾರೂ ಹೇಳಿಲ್ಲವೆಂದು ಒಂದೊಂದನ್ನೂ ಫೋನಿನಲ್ಲಿ ಬರೆದುಕೊಂಡಳು.

ಕೆಂಗಲ್ ಇನ್ನು ಅರ್ಧ ಮೈಲಿಯಿತ್ತು. ಎಡಗಡೆಯ ಮಣ್ಣುದಾರಿಯಿಂದ ರೇಷ್ಮೆಗೂಡು ತುಂಬಿದ ಲಗೇಜ್ ಆಟೋ ಒಂದು, ಇತ್ತ ಅತ್ತ ನೋಡದೆ, ಸರಕ್ಕನೆ ರಸ್ತೆಗೆ ನುಗ್ಗಿತು. ಹೇಮಶ್ರೀ ಈ ಸಲ ನಿಜವಾಗಿಯೇ ಕಿರುಚಿದಳು. ನನ್ನ ಕಣ್ಣು ಬೋರಲಿಂಗಯ್ಯನವರ ಎಡಗಾಲಿನ ಮೇಲಿತ್ತು. ಚಪ್ಪಲಿ ಕದಲಲಿಲ್ಲ. ಬಲಗಾಲು ಬ್ರೇಕನ್ನು ಒತ್ತಿತು, ತುಸು ಬಿಟ್ಟಿತು, ಮತ್ತೆ ಒತ್ತಿತು. ಆಟೋದಿಂದ ಒಂದು ಮಾರು ಹಿಂದೆ ಕಾರು ಸದ್ದಿಲ್ಲದೆ ನಿಂತಿತು. ಆಟೋದ ಮೇಲಿನ ಚೀಲವೊಂದು ಸಡಿಲವಾಗಿ, ನಾಲ್ಕಾರು ಗೂಡುಗಳು ನಮ್ಮ ಬಾನೆಟ್ಟಿನ ಮೇಲೆ ಉರುಳಿದವು.

ಎಲ್ಲರೂ ಲೋಟದ ಕಡೆಗೆ ತಿರುಗಿದೆವು. ಮಂಗಳಗೌರಮ್ಮನವರು ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕಾಫಿ ಕಂಠದಲ್ಲಿ ಒಂದು ಸುತ್ತು ತಿರುಗಿ ಸುಮ್ಮನಾಯಿತು. ಅವರು ಗಟಗಟನೆ ಕುಡಿದು, ಲೋಟವನ್ನು ಬೋರಲು ಮಾಡಿ ಮಗನಿಗೆ ತೋರಿಸಿದರು.

ಶಿವಕಿರಣ್ ಹಿಂದಿನಿಂದ ಬೋರಲಿಂಗಯ್ಯನವರ ಹೆಗಲು ಹಿಡಿದ. "ಬೋರಣ್ಣ, ನಾನಾಗಿದ್ರೆ ಆಟೋದೊಳಗೇ ಇರ್ತಿದ್ದೆ. ಕೀಲಿ ನಿಮ್ಮದೇ. ಬೇರೆ ಡ್ರೈವರ್ ಮಾತು ನಾನು ಆಡೇ ಇಲ್ಲ ಅನ್ಕೊಳ್ಳಿ."

"ಕೀಲಿನೇ ಇಲ್ವಲ್ಲ ಕಿರಣಪ್ಪಾ ಇದಕ್ಕೆ, ಗುಂಡಿ ಒತ್ತಾದು" ಎಂದರು ಅವರು. ಕನ್ನಡಿಯಲ್ಲಿ ಅವರ ಮುಖ ಕಂಡಿತು. ಮೊದಲ ಸಲ ಲಾರಿ ಓಡಿಸಿದ ದಿನವೂ ಆ ಮುಖ ಹೀಗೆಯೇ ಅರಳಿದ್ದಿರಬೇಕು.

ಕೆಂಗಲ್ ಆಂಜನೇಯನ ಮುಂದೆ ಕಾರು ನಿಲ್ಲಿಸಿದೊಡನೆ ಹೂವಿನಾಕೆ ಹಾರ, ನಿಂಬೆಹಣ್ಣು ಹಿಡಿದು ಓಡಿಬಂದಳು. ಹೊಸ ಗಾಡಿಗೆ ಪೂಜೆ ಮಾಡಿಸದೆ ಆ ದಾರಿಯಲ್ಲಿ ಯಾರೂ ಮುಂದೆ ಹೋಗುವುದಿಲ್ಲ.

"ಗಾಡಿ ಇನ್ನೂ ನಮ್ದಾಗಿಲ್ಲ ಕಣವ್ವಾ" ಎಂದರು ಮಂಗಳಗೌರಮ್ಮನವರು. "ಬೇಕಾದ್ರೆ ಇವನ ಎಡಗಾಲಿಗೆ ಒಂದು ನಿಂಬೆಹಣ್ಣು ನಿವಾಳಿಸು. ಬೆಳಿಗ್ಗೆ ದೃಷ್ಟಿಯಾಗಿತ್ತು."

ಒಂಟಿ ಚಪ್ಪಲಿಯಲ್ಲಿ ಇಳಿದ ಬೋರಲಿಂಗಯ್ಯನವರನ್ನು ಆಕೆ ಮೇಲಿಂದ ಕೆಳಗೆ ನೋಡಿದಳು. "ಇನ್ನೊಂದ್ ಮೆಟ್ಟು ಎಲ್ಲೋಯ್ತು ಯಜಮಾನ್ರೇ?"

"ಅದು ಷೋರೂಮಿನಾಗೆ ಕಾಯ್ತಾ ಐತೆ" ಎಂದು, ಇದ್ದ ಒಂದನ್ನೂ ಕಾರಿನ ಬಳಿ ಬಿಟ್ಟು, ಎರಡು ಬರಿಗಾಲಿನಲ್ಲಿ ದೇವಸ್ಥಾನದ ಒಳಗೆ ನಡೆದರು.

ಇಪ್ಪತ್ತು ದಿನದಲ್ಲಿ ಹೊಸ ಕಾರು ಮನೆಗೆ ಬಂತು, ಕೆಂಪು ಬಣ್ಣದ್ದು. ಬಿಳಿಯದನ್ನು ಮಂಗಳಗೌರಮ್ಮನವರು ಕೊಡಲಿಲ್ಲ. ಹೂ ಮುಡಿದ ದಿನ ಅದೇ ಬೇಕಂತೆ. ಕಲ್ಯಕ್ಕೆ ಹೋಗಲೂ ಅದೇ. ಎರಡನ್ನೂ ಓಡಿಸುವವರು ಬೋರಲಿಂಗಯ್ಯನವರೇ. ಈಗ ನಮ್ಮ ಬೀದಿಯವರು ಷೆಡ್ಡಿನ ಬಾಗಿಲನ್ನು ನೋಡಿಯೇ ಹೇಳುತ್ತಾರೆ: ಎರಡು ಚಪ್ಪಲಿಯಿದ್ದರೆ ಬಿಳಿಯ ಕಾರು ಹೋಗಿದೆ, ಬಲಗಾಲಿನದೊಂದೇ ಇದ್ದರೆ ಕೆಂಪು ಕಾರು. ಇಂದು ಬೆಳಿಗ್ಗೆ ಹಾಲು ತರಲು ಹೋದಾಗ ನೋಡಿದೆ. ಒಂದೇ ಇತ್ತು.