ಕೆಮ್ಮಣ್ಣಿನ ಗವಿ

ಹೊತ್ತು ಮೂಡುವ ಮುಂಚೆ ಕೊಟ್ಟಿಗೆಯ ಸಗಣಿ ಬಾಚಬೇಕು, ಅಂಗಳ ಸಾರಿಸಿ ರಂಗೋಲಿ ಎಳೆಯಬೇಕು, ಬಾವಿಯಿಂದ ನೀರು ಸೇದಿ ಹಂಡೆ ತುಂಬಬೇಕು, ಅತ್ತೆಯ ಲಿಂಗಪೂಜೆಗೆ ಅಣಿ ಮಾಡಬೇಕು, ರಾಗಿ ಬೀಸಬೇಕು, ಮೊಸರು ಕಡೆಯಬೇಕು. ವೀರನಹೊಸಹಳ್ಳಿ ಕಡೆಯ ಆ ಊರಿನಲ್ಲಿ ಗುರುಶಾಂತಮ್ಮ ಇಷ್ಟನ್ನೂ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುವಾಗ ಗಂಡ ರುದ್ರಸ್ವಾಮಿ ಮಗ್ಗುಲು ಬದಲಿಸುತ್ತಿದ್ದ. ಇದನ್ನೆಲ್ಲ ಕೆಲಸ ಎಂದು ಯಾರೂ ಕರೆಯುತ್ತಿರಲಿಲ್ಲ.

ಐವತ್ತಾರನೇ ಇಸವಿಯ ಮಾರ್ನಮಿ ಹತ್ತಿರವಾಗಿತ್ತು. ಹಬ್ಬಕ್ಕೆ ಗೋಡೆಗಳಿಗೆ ಕೆಮ್ಮಣ್ಣು ಬಳಿಯುವುದು ಹೆಂಗಸರ ಪಾಲು. ಅದನ್ನು ಅಗೆದು ಹೊತ್ತು ತರುವುದೂ ಅವರದೇ ಪಾಲು. ಊರಾಚೆ ಕಂಠಪ್ಪನ ಹೊಲದ ಅಂಚಿಗೆ ಎರಡಾಳೆತ್ತರದ ದಿಬ್ಬವಿತ್ತು. ಮೇಲಿನಿಂದ ಅಗೆದರೆ ಹೊಲ ಹಾಳಾಯಿತೆಂದು ಕಂಠಪ್ಪ ಕೂಗಾಡುತ್ತಿದ್ದ. ಅದಕ್ಕೇ ಹೆಂಗಸರು ಬುಡದಲ್ಲಿ ಕೊರೆಯುತ್ತಿದ್ದರು. ಒಳಕ್ಕೆ ಹೋದಷ್ಟೂ ಮಣ್ಣು ನುಣುಪು. ವರ್ಷವರ್ಷವೂ ಕೊರೆದು ಅದು ಗವಿಯಾಗಿತ್ತು.

ಆ ಬೆಳಿಗ್ಗೆ ಮಂಕರಿ ಹಿಡಿದು ಹೋದ ಗುರುಶಾಂತಮ್ಮ ಒಳಗೆ ನುಗ್ಗಲಿಲ್ಲ. ಗವಿಯ ಬಾಯಲ್ಲಿ ಹೊಸದಾಗಿ ಉದುರಿದ ಹೆಂಟೆಗಳಿದ್ದವು. ಬಳಸಿಕೊಂಡು ದಿಬ್ಬ ಹತ್ತಿದಳು. ಅಂಚಿನ ಹೊಂಗೆ ಮರಗಳನ್ನು ಕಂಠಪ್ಪ ಹೋದ ವರ್ಷವೇ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಗೆ ಸೌದೆ ಮಾಡಿದ್ದ. ಮಣ್ಣನ್ನು ಬಿಗಿಹಿಡಿದಿದ್ದ ಬೇರುಗಳು ಕೊಳೆತಿದ್ದವು. ಪಕ್ಕದಲ್ಲೇ ನೆಲ ಉದ್ದಕ್ಕೆ ಬಿರಿದಿತ್ತು. ಉತ್ತರೆ ಮಳೆಯ ನೀರು ಆ ಬಿರುಕಿನೊಳಗೇ ಇಳಿದಿತ್ತು. ಮೇಲೆ ನೆನೆದು ಭಾರವಾದ ಮಣ್ಣು, ಕೆಳಗೆ ಟೊಳ್ಳು. ಅಡಿ ಸವೆದ ಮಣ್ಣೊಲೆಗೆ ನೀರು ಚೆಲ್ಲಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ನೆರೆಮನೆಯ ಪುಟ್ಟತಾಯಮ್ಮ ಕೆಳಗೆ ಬಂದಳು.

"ಒಳಿಕ್ ಓಗ್ಬೇಡ ಕಣಕ್ಕ! ಮೇಲೆ ನೆಲ ಬಾಯಿ ಬುಟ್ಟದೆ!"

"ನಮ್ಮತ್ತೆ ಕಾಲ್ದಿಂದ್ಲೂ ಅದು ಅಂಗೇ ಅದೆ ಬುಡವ್ವ. ಮೇಲ್ ನಿಂತ್ಕಂಡು ಸಾವ್ಕಾರ್ತಿ ಅಂಗೆ ಹುಕುಂ ಮಾಡ್ತೀಯಲ್ಲ!" ಎಂದು ನಗುತ್ತಲೇ ಅವಳು ಗವಿಯ ಬಾಯಲ್ಲೇ ಒಂದು ಮಂಕರಿ ಮಣ್ಣು ಬಾಚಿಕೊಂಡು, "ನಾಳಿಕೆ ಎಲ್ರೂ ಬತ್ತೀವಿ, ಮಕ್ಕಳ್ನೂ ಕರ್ಕಂಡು" ಎಂದು ಹೊರಟಳು.

ಬರಿ ಮಂಕರಿ ಕಂಡು, ಬಿರುಕಿನ ಮಾತು ಕೇಳಿ ಅತ್ತೆ ಶಿವನಂಜಮ್ಮ ಸಿಡುಕಿದಳು. "ಗೋಡೆ ಬಳೀದೆ ಹಿರೀಕರ್ಗೆ ಎಡೆ ಇಕ್ಕಾದಾ? ಮೈಗಳ್ಳಿಗೆ ಬಿರುಕೊಂದು ನೆಪ."

ಗುರುಶಾಂತಮ್ಮ ಗಂಡನ ಕಡೆ ತಿರುಗಿದಳು. "ನೀವೊಂದ್ಸಲ ಬಂದು ನೋಡಿ."

"ಮಣ್ ತರಾದು ನಿಮ್ ಹೆಂಗಸ್ರ ಯವಾರ. ಕಂಠಪ್ಪನ್ ಕೂಟೆ ಜಗಳ ಯಾರಿಗ್ ಬೇಕು?"

ಊರಿನಲ್ಲಿ ಗುದ್ದಲಿ ಹಿಡಿಯುವ ಗಂಡಸರು ಬೇಕಾದಷ್ಟಿದ್ದರು. ಆ ದಿಬ್ಬ ಹತ್ತಿ ನೋಡಿದವಳು ಮಾತ್ರ ಅವಳೊಬ್ಬಳೇ.

ಮಧ್ಯಾಹ್ನ ಎಲ್ಲರಿಗೂ ಮುದ್ದೆ ಬಡಿಸಿ, ಪಾತ್ರೆ ತೊಳೆದು, ಹಾರೆ ಹೆಗಲಿಗೇರಿಸಿ ಅವಳು ಮತ್ತೆ ಹೋದಳು. ಗವಿಯೊಳಕ್ಕೆ ಬಗ್ಗಿ, "ಯಾರಾರ ಇದ್ದೀರಾ?" ಎಂದು ಕೂಗಿದಳು. ಯಾರೂ ಇರಲಿಲ್ಲ. ಮೇಲೆ ಹತ್ತಿ, ಬಿರುಕಿನಿಂದ ಹಿಂದಕ್ಕೆ, ಗಟ್ಟಿ ನೆಲದಲ್ಲಿ ನಿಂತಳು. ನಾಳೆ ಮಕ್ಕಳ ಮೇಲೆ ಬೀಳುವ ಮೊದಲು ಇವತ್ತೇ ದಿಬ್ಬ ಕೆಡವಿದರೆ ನುಣುಪು ಮಣ್ಣೆಲ್ಲ ಕಲ್ಲುಹೆಂಟೆಯಡಿ ಹೂತುಹೋಗುತ್ತದೆ; ಈ ಹಬ್ಬಕ್ಕೆ ಊರಿನ ಒಂದು ಗೋಡೆಯೂ ಕೆಂಪಾಗುವುದಿಲ್ಲ. ಹೆಂಗಸರೇ ಮೊದಲು ಶಾಪ ಹಾಕುತ್ತಾರೆ. ಕಂಠಪ್ಪ ಮನೆ ಬಾಗಿಲಿಗೆ ಬಂದು ನಿಂತರೆ ಗಂಡ ಅವಳ ಪರ ಮಾತಾಡುವುದಿಲ್ಲ.

ಸೆರಗನ್ನು ಸೊಂಟಕ್ಕೆ ಬಿಗಿದು, ಹಾರೆಯನ್ನು ಬಿರುಕಿಗೆ ಇಳಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಳು.